ಕರಿಬೇವಿನ ಕುಂಡಕ್ಕೆ ಸುಣ್ಣ

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 5.20
ತಾರಸಿಯಲ್ಲಿ ಸ್ಟೀಲ್ ಪಾತ್ರೆ ಎಳೆದ ಸದ್ದು. ಕೂಸು ಮಲಗಿದ್ದೇ ನಾಲ್ಕಕ್ಕೆ—ಎದ್ದುಬಿಟ್ಟಿತು. ಅತ್ತೆ! ಕರಿಬೇವಿನ ಕುಂಡಕ್ಕೆ ಮತ್ತೆ ಹುಳಿ ಮಜ್ಜಿಗೆ. ದಿನಾ. ಎಲೆಯೆಲ್ಲ ಹಳದಿಯಾಗಿ ಉದುರುತ್ತಿದೆ, ಕಣ್ಣಿಗೆ ಕಾಣುವುದಿಲ್ಲವೇ?
“ಮಜ್ಜಿಗೆ ಹಾಕಿದ್ರೇನೇ ಘಮ ಬರೋದು ಕಣೇ ಮೇಧಾ. ನೀನು ಬಿ.ಎಸ್ಸಿ. ಮಾಡೋಕ್ ಮುಂಚಿಂದ ಹಾಕ್ತಿದೀನಿ.”

ಫೆಬ್ರವರಿ 10
ಮಣ್ಣು ಪರೀಕ್ಷಿಸಿದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಕಲಸಿ, ತಿಳಿಯಾದ ಮೇಲೆ ಪಿಎಚ್ ಪೇಪರ್ ಅದ್ದಿದೆ. ಐದು. ಇಷ್ಟು ಹುಳಿಯಲ್ಲಿ ಬೇರು ಬದುಕೀತು ಹೇಗೆ? ಅತ್ತೆಗೆ ಪೇಪರ್ ತೋರಿಸಿದೆ.
“ಬಣ್ಣ ಚೆನ್ನಾಗಿದೆ. ಬ್ಲೌಸ್ ಪೀಸ್ ತಗೋಬಹುದು.”
ಗಂಡನಿಗೆ ಮೆಸೇಜ್: ಮಧ್ವೇಶ್, ನರ್ಸರಿಯಿಂದ ಡಾಲೊಮೈಟ್ ಪುಡಿ ತಾ, ಮಣ್ಣಿನ ಹುಳಿ ಮುರಿಯಲು ಗಿಡಕ್ಕೆ ಹಾಕುವ ಸುಣ್ಣ. ಬ್ಲೂ ಟಿಕ್ ಬಂತು. ಅಷ್ಟೇ.

ಫೆಬ್ರವರಿ 22, ಶನಿವಾರ
ಅತ್ತೆ ಮುನಿಸಿಕೊಂಡು ವಾರದಿಂದ ಮಜ್ಜಿಗೆ ಹಾಕುತ್ತಿಲ್ಲ, ಕುಂಡ ಒಣಗಿದೆ. ದಿನಾ ನೆನಪಿಸಿದ ಮೇಲೆ ಮಧ್ವೇಶ್ ಇವತ್ತು ಸುಣ್ಣ ತಂದ. ನಾನು ಹಾಲುಣಿಸುತ್ತಿದ್ದೆ. ತಾನೇ ತಾರಸಿಗೆ ಹೋಗಿ ಹಾಕಿಬಂದ.
“ಆಯ್ತು. ಖುಷೀನಾ ಮೇಡಂ?”
ಸದ್ಯ. ಒಂದು ಕೆಲಸ.

ಫೆಬ್ರವರಿ 23, ಭಾನುವಾರ. ರಾತ್ರಿ 11.30
ಅವನು ತಂದದ್ದು ಗೋಡೆಗೆ ಬಳಿಯುವ ಸುಟ್ಟ ಸುಣ್ಣ! ನೀರು ಬಿದ್ದರೆ ಕುದಿಯುವಂಥದ್ದು. ಗಟ್ಟಿಗಟ್ಟಿ ತುಂಡು, ಒಣ ಕುಂಡದ ಮೇಲೆ ಹಾಗೇ ಸುರಿದಿದ್ದಾನೆ. ಸಂಜೆ ಸ್ಮೃತಿ ತನ್ನ ಪುಟ್ಟ ಮಗ್ಗಿನಿಂದ ನೀರು ಹಾಕಿದಳು. ಮೂರು ವರ್ಷದ ನನ್ನ ಮಗಳು... ಬಗ್ಗಿ ನೋಡಿದಳಂತೆ. ಚರ್ ಎಂದು ಸಿಡಿಯಿತು. ಕಣ್ಣಿಗೆ.
“ನರ್ಸರಿ ಮುಚ್ಚಿತ್ತು ಕಣೇ! ಸುಣ್ಣ ಅಂದ್ರೆ ಸುಣ್ಣ ತಾನೇ?”
ನಲ್ಲಿಯ ಕೆಳಗೆ ಹಿಡಿದು ತೊಳೆದೆ, ತೊಳೆದೆ. ಬಲಗಣ್ಣು ತೆರೆಯಲೇ ಇಲ್ಲ. ಮಧ್ವೇಶ್ ಅವಳನ್ನು ಎತ್ತಿಕೊಂಡು ಆಟೋಗೆ ಓಡಿದ. ನಾನೂ ಹಿಂದೆಯೇ ಓಡಿದೆ.
“ಹಾಲು ಕುಡಿಯೋ ಕೂಸನ್ನ ಬಿಟ್ಟು ಎಲ್ಲಿಗ್ ಬರ್ತೀಯ? ಇರು ಮನೇಲಿ!”
ಯಾರಿಗೆ ಗದರುವುದು ಅವನು? ಯಾರಿಗೆ?
ಅತ್ತೆ ದೇವರ ಮುಂದೆ ಕೂತಿದ್ದಾರೆ. “ಮಜ್ಜಿಗೇನೇ ಹಾಕ್ಕೊಂಡಿದ್ರೆ ಏನಾಗ್ತಿತ್ತು...” ಅಂದರು. ಕೂಸನ್ನು ಎತ್ತಿಕೊಂಡು ಒಳಗೆ ಬಂದೆ. ಒಂದು ಮಾತಾಡಿದ್ದರೂ ನಿಲ್ಲಿಸುತ್ತಿರಲಿಲ್ಲ.
ಒಂಬತ್ತಕ್ಕೆ ಆಸ್ಪತ್ರೆಯಿಂದ ಅವನ ಮೆಸೇಜ್: “ಡಾಕ್ಟರ್ ನೋಡ್ತಿದಾರೆ.” ಆಮೇಲೆ ಸ್ವಿಚ್ಡ್ ಆಫ್. ಚಾರ್ಜ್ ಇಲ್ಲದ ಫೋನ್ ಹಿಡಿದು ಓಡಾಡುವ ದರಿದ್ರ ಅಭ್ಯಾಸ!
ಬೈಯುತ್ತೇನೆ. ವರ್ಷಗಟ್ಟಲೆ ಬೈಯುತ್ತೇನೆ. ಈಗಲ್ಲ. ಮಧ್ವೇಶ್, ಪಕ್ಕದಲ್ಲಿರುವವರ ಫೋನ್ ಇಸ್ಕೋ. ನರ್ಸನ್ನು ಕೇಳು. ಕಾಣಿಸುತ್ತೆ ಅಂತ ಒಂದೇ ಮಾತು... ಕಾಣಿಸದಿದ್ದರೂ ಹೇಳು. ಬೆಳಗಾಗುವ ಮೊದಲು ಒಂದೇ ಒಂದು ಸಲ ಫೋನ್ ಮಾಡು, ನಿನ್ನ ದಮ್ಮಯ್ಯ, ಫೋನ್—