ತೋಟಕ್ಕೆಲ್ಲಿಯ ವಾರ್ಡು

ಅಥಣಿ

ತಾತ್ಯಾಸಾಹೇಬರೇ,

ನಮ್ಮ ನೆರೆ ಎಚ್ಚರಿಕೆಯ ವೆಬ್‌ಸೈಟಿನಿಂದ ಸತ್ತಿ ಗ್ರಾಮದ ಊರೊಳಗಿನವರಿಗೆಲ್ಲ ಸಂದೇಶ ಹೋಯಿತು. ನದಿದಂಡೆಯ ವಸ್ತಿಗೆ, ಅಂದರೆ ತೋಟದ ಮನೆಗಳಿಗೆ, ಹೋಗಲಿಲ್ಲ. ಎಮ್ಮೆ ಬಿಚ್ಚಲು ಹೋದ ಅಲ್ಲಿಯ ಗೌರಾಬಾಯಿ ಕೊಟ್ಟಿಗೆಯಲ್ಲೇ ಮುಳುಗಿ ಸತ್ತಳು.

"ಆಕಿ ಫೋನ್ ನೋಡಿಲ್ಲಂತ ವರದಿ ಬರದು ಸಹಿ ಮಾಡವ್ವಾ" ಎಂದು ವೆಬ್‌ಸೈಟ್ ನೋಡಿಕೊಳ್ಳುವ ನನಗೆ ಅಂದಿರಿ. ಮಾಡುವುದಿಲ್ಲ. ಡೇಟಾಬೇಸಿನಲ್ಲಿ 'ತೋಟದ ವಸ್ತಿ' ಎಂಬ ಕಾಲಂ ಅಳಿಸಿ 'ವಾರ್ಡ್' ಎಂಬ ಕಾಲಂ ಹಾಕಿಸಿದವರು ನೀವು. ತೋಟಕ್ಕೆಲ್ಲಿಯ ವಾರ್ಡು? ಮೊದಲು ಹೊಸದನ್ನು ಸೇರಿಸೋಣ, ಮಾಹಿತಿ ನಕಲು ಮಾಡಿ ತಾಳೆ ನೋಡೋಣ, ಮಳೆಗಾಲ ಮುಗಿಯುವತನಕ ಹಳೆಯದೂ ಇರಲಿ ಎಂದು ಎಲ್ಲರೆದುರು ಹೇಳಿದ್ದೆ. "ಹಳೇ ಸಾಮಾನು ಕೂಡಿಡಾಕ ಇದೇನು ಗುಜರಿ ಅಂಗಡಿ ಐತೇನ ಬಾಯಿ?" ಎಂದು ನಕ್ಕಿರಿ. ಜೊತೆಗಿದ್ದವರೂ ನಕ್ಕರು.

ಕೃಷ್ಣೆ ಇನ್ನೂ ಇಳಿದಿಲ್ಲ. ಇವತ್ತೇ ಬ್ಯಾಕಪ್‌ನಿಂದ ಆ ಕಾಲಂ ಮರಳಿ ತರಿಸಿ. ತರಿಸುವ ಮೊದಲು, ವಾರ್ಡ್ ಸಿಗದೆ ಕಂಪ್ಯೂಟರಿನೊಳಗೇ ಉಳಿದಿರುವ ಹಳೆಯ ಸಂದೇಶಗಳನ್ನು ಅಳಿಸಿ. ಇಲ್ಲದಿದ್ದರೆ ಕಾಲಂ ಮರಳಿದ ಕೂಡಲೇ ಅವು ತಾವಾಗಿಯೇ ಹೊರಟುಬಿಡುತ್ತವೆ. ಗೌರಾಬಾಯಿಯ ಫೋನು ಈಗ ಮಗ ಅಮೋಲನ ಕಿಸೆಯಲ್ಲಿದೆ. 'ನೀರು ಬರುತ್ತಿದೆ, ಮನೆ ಬಿಡಿ' ಎಂದು ಅವನ ತಾಯಿಗೆ ಹೋಗಬೇಕಿದ್ದ ಸಂದೇಶ ಅವನಿಗೆ ಈಗ ಬರಬಾರದು.

ಈ ಕಾಗದಕ್ಕೆ ಮಾತ್ರ ಸಹಿ ಹಾಕಿರುವ,
ಸ್ನೇಹಲ