ಮಾಸ್ತಮ್ಮನ ಸೋಬಾನೆ

...ತಪ್ಪಾಯ್ತಪ್ಪ, ಮತ್ತೆ ಮೊದಲಿಂದ ಶುರು ಮಾಡ್ತೀನಿ. ರಿಪೇರಿ ಮಾಡೋ ನಿಂಗೆ ಕಳಿಸೋಕೆ ಅಂತ ಆಗ ಮೊಬೈಲಲ್ಲಿ ಮಾಡಿದ ರೆಕಾರ್ಡಿಂಗಲ್ಲಿ ಬರೀ ತೊದಲಿದ್ದೆ, ಅಳಿಸ್ಬಿಟ್ಟೆ. ಇವತ್ತು ನವೆಂಬರ್ ಹದಿನೆಂಟು, ಮಂಗಳವಾರ.

ಕೆಳದಿ ಮಾಸ್ತಮ್ಮ ತಮ್ಮ ದೊಡ್ಡ ಮಗಳ ಮದುವೇಲಿ ಸೋಬಾನೆ ಹಾಡಿದ್ದನ್ನ ನಾನೇ ಶೂಟ್ ಮಾಡಿದ್ದೆ. ಗಂಟಲು ಆಪರೇಷನ್ ಆದ್ಮೇಲೆ ಅವರಿಗೆ ಸ್ವರಾನೇ ಇಲ್ಲ. ನಾಳೆ ಚಿಕ್ಕ ಮಗಳಿಗೆ ಅರಿಶಿನ ಹಚ್ಚುವಾಗ ಆ ಹಾಡೇ ಬೇಕಂತೆ. ಅದು ಉಳಿದಿರೋದು ಹೊಸನಗರದಲ್ಲಿ, ನನ್ನ ಸ್ಟುಡಿಯೋದ ಹಳೇ ಲಿನಕ್ಸ್ ಕಂಪ್ಯೂಟರಲ್ಲಿ ಮಾತ್ರ. ಕ್ಯಾಮೆರಾದ ಮೆಮೊರಿ ಕಾರ್ಡನ್ನ ಯಾವತ್ತಿನ ಹಂಗೆ ಅಳಿಸಿ ಮುಂದಿನ ಮದುವೆಗೆ ಹಾಕಿದ್ದೆ.

ಇವತ್ತು ಹಾಕಿ ನೋಡಿದ್ರೆ ವಿಡಿಯೊ ತಡವರಿಸ್ತಾ ಇತ್ತು. ಗ್ರಾಫಿಕ್ಸ್ ಕಾರ್ಡಿಗೇ ಕೆಲಸ ಒಪ್ಸಿದ್ರೆ ಸಲೀಸಾಗುತ್ತೆ ಅಂತ ಅದನ್ನ ನಡೆಸೋ ಹೊಸ ಡ್ರೈವರ್ ಸಾಫ್ಟ್‌ವೇರ್ ಹಾಕ್ದೆ. ಅದಕ್ಕೆ ಮುಂಚೆ ವಿಡಿಯೊದ ಇನ್ನೊಂದು ಕಾಪಿ ಮಾತ್ರ ತೆಗೀಲಿಲ್ಲ.

"ರೀ, ಓಡ್ತಿರೋದನ್ನ ಯಾಕೆ ಕೆದಕ್ತೀರಿ?" ಅಂದ್ಲು ನನ್ನ ಹೆಂಡ್ತಿ ತನುಜಾ.

"ನಿಂಗೆ ಗೊತ್ತಾಗಲ್ಲ, ಸುಮ್ನಿರೆ" ಅಂದೆ.

ಎರಡು ನಿಮಿಷ ನೀರು ಹರಿದಂಗೆ ಓಡ್ತು. ಆಮೇಲೆ ಸ್ಕ್ರೀನ್ ಪೂರ್ತಿ ಕಪ್ಪಾಯ್ತು. ಹಾಡು ನಿಲ್ಲಲಿಲ್ಲ. ಆ ಕತ್ತಲೆ ಒಳಗಿಂದ ಮಾಸ್ತಮ್ಮ ಹಾಡ್ತಾನೇ ಇದ್ರು. ಕೊನೇ ಸಾಲು ಮುಗಿದದ್ದೇ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನೋಕೆ ಶುರುವಾಯ್ತು. ಈಗ್ಲೂ ಬಡ್ಕೋತಾ ಇದೆ, ಕೇಳುತ್ತಲ್ಲ? ಆಫ್ ಮಾಡಿದ್ರೆ ಮತ್ತೆ ಏಳುತ್ತೆ ಅನ್ನೋ ನಂಬಿಕೆ ಇಲ್ಲ.

ತಡಿ... ಆ ಹಾಡು ಬರ್ತಿರುವಾಗ್ಲೇ ಅಲ್ವಾ ನಾನು ಮೊಬೈಲಲ್ಲಿ ಆ ಮೊದಲಿನ ರೆಕಾರ್ಡಿಂಗ್ ಮಾಡ್ತಾ ಇದ್ದಿದ್ದು? ನನ್ನ ಮಾತಿನ ಹಿಂದೆ ಹಾಡು ಪೂರ್ತಿ ಬಿದ್ದಿರ್ಬೇಕಲ್ಲ. ಅಯ್ಯೋ, ಅದನ್ನೇ ಅಲ್ವಾ ಅಳಿಸಿದ್ದು...

"ರೀ, ಮಾಸ್ತಮ್ಮ ಬಂದಿದಾರೆ. ಹಾಡು ಸಿಕ್ತಾ ಅಂತ ಕೈಸನ್ನೇಲಿ ಕೇಳ್ತಿದಾರೆ, ಬನ್ನಿ!"

ಬಂದೆ, ಕೂರಿಸೇ... ರೆಕಾರ್ಡಿಂಗ್ ಇಲ್ಲಿಗೆ ನಿಲ್ಲಿಸ್ತೀನಿ.