ಒಂಬತ್ತು ಸೀಟಿನ ಸಾಲು

ವೈನಿಯವರಿಗೆ ಶರಣು.

ದಿಲ್ಲಿಯಿಂದ ಬೆಂಗಳೂರಿಗೆ ಹೋಗುವ ವಿಮಾನದಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕಾರ್ಡು ಅಂಚೆಯಲ್ಲಿ ಅಣ್ಣಿಗೇರಿ ಮುಟ್ಟುವ ಹೊತ್ತಿಗೆ ಅಣ್ಣನ ಮಣ್ಣು ಮುಗಿದಿರುತ್ತದೆ. ಎದುರಿಗೆ ನಿಂತು ಹೇಳಲು ನನ್ನಿಂದಾಗದು.

ಇದು ಅಮೆರಿಕಕ್ಕೆ ಹೋಗುವಂಥ ದೊಡ್ಡ ವಿಮಾನ. ಇವತ್ತು ಎರಡೂವರೆ ತಾಸಿನ ದಾರಿಗೆ ಬಿಟ್ಟಿದ್ದಾರೆ. ಸಾಲಿಗೆ ಒಂಬತ್ತು ಸೀಟು, ನನ್ನ ಸಾಲಿನಲ್ಲಿ ನಾನೊಬ್ಬನೇ. ಅಣ್ಣ ಕೆಳಗೆ, ಸಾಮಾನಿನ ಜೊತೆ ಇದ್ದಾನೆ.

“ಮಲಗಿಸಬ್ಯಾಡ ಕಾಶಿ, ನಮ್ಮೊಳಗ ಕುಂದರಿಸೇ ಮಣ್ಣ ಮಾಡೂದು, ಕುಂದರಿಸಿಕೊಂಡ ಕರಕೊಂಡ ಬಾ” ಎಂದು ಫೋನಿನಲ್ಲಿ ಹೇಳಿದ್ದಿರಿ. ಆಸ್ಪತ್ರೆಯಲ್ಲಿ ಕುಂದರಿಸಿಯೇ ಇಟ್ಟಿದ್ದೆ. ಹಾಗಿದ್ದರೆ ಪೆಟ್ಟಿಗೆ ಮುಚ್ಚುವುದಿಲ್ಲ, ವಿಮಾನಕ್ಕೆ ಹತ್ತಿಸುವುದಿಲ್ಲ ಎಂದು ವಿಮಾನದವರು ಹೇಳಿದರು.

ಬಿಪಿ ಗುಳಿಗೆ ಬಿಡಬೇಡಿ.

ಕುಣಿಯಲ್ಲಿ ಅಣ್ಣ ನೆಟ್ಟಗೆ ಕೂತಿರದಿದ್ದರೆ ಕ್ರಿಯೆ ಮಾಡಿಸಿದ ಅಯ್ಯನವರನ್ನು ಬೈಯಬೇಡಿ. ಮೊಣಕಾಲು ಒತ್ತಿ ಮಲಗಿಸಿದವನು ನಾನು.

ಕಾಶಿನಾಥ